ಸ್ಪೂಲ್ ಮಿತಿಮೀರಿ ತಿರುಗಿ ದಾರ ಸಿಕ್ಕಾಗುವ ಫ್ಲೈ ರೀಲಿನ ಬಗ್ಗೆ
ಗಾಳದ ಕೋಲಿಗೆ ಜೋಡಿಸುವ ಫ್ಲೈ ರೀಲಿನಲ್ಲಿ, ಟ್ರೌಟ್ ಮೀನು ಎಳೆದೊಡನೆ ಸ್ಪೂಲ್ (ದಾರ ಸುತ್ತಿರುವ ಉರುಳೆ) ಅಂಕೆಯಿಲ್ಲದೆ ತಿರುಗಿ ದಾರ ಗೋಜಲಾಗುವುದಕ್ಕೆ ಬಹುಮಟ್ಟಿಗೆ ಡ್ರ್ಯಾಗ್, ಅಂದರೆ ಸ್ಪೂಲಿನ ತಿರುಗುವಿಕೆಯನ್ನು ತಡೆಯುವ ಬ್ರೇಕು, ತೀರ ಸಡಿಲವಾಗಿರುವುದೇ ಕಾರಣ. ಆದ್ದರಿಂದ ಹಾರ್ಡಿ, ಏಬಲ್, ಲ್ಯಾಮ್ಸನ್‌ಗಳಲ್ಲಿ ಯಾವ ಕಂಪನಿಯ ರೀಲನ್ನು ಕೊಳ್ಳಲಿ ಎಂಬ ನಿಮ್ಮ ಪ್ರಶ್ನೆಗೆ ಉತ್ತರಿಸುವ ಮೊದಲು ಈಗಿರುವ ರೀಲನ್ನೇ ಪರೀಕ್ಷಿಸುವುದು ಒಳ್ಳೆಯದು.

ದಾರವನ್ನು ಕೈಯಿಂದ ಜೋರಾಗಿ ಎಳೆದು ಥಟ್ಟನೆ ನಿಲ್ಲಿಸಿರಿ. ಸ್ಪೂಲ್ ಮುಂದಕ್ಕೆ ತಿರುಗಿದರೆ, ಅದು ಕೈಯೊಂದಿಗೇ ನಿಲ್ಲುವವರೆಗೆ ಡ್ರ್ಯಾಗನ್ನು ಸ್ವಲ್ಪ ಸ್ವಲ್ಪವೇ ಬಿಗಿಗೊಳಿಸಿರಿ. ಬಿಗಿಗೊಳಿಸಿದರೂ ಹಿಡಿತ ಬಾರದಿದ್ದರೆ ಸ್ಪೂಲನ್ನು ಕಳಚಿ ನೋಡಿರಿ: ಒಳಗೆ ನೀರು ಅಥವಾ ಮರಳು ಸೇರಿದೆಯೋ, ಡ್ರ್ಯಾಗಿನ ಬಿಲ್ಲೆಯೇ ಸವೆದಿದೆಯೋ ಎಂಬುದನ್ನು ಕಣ್ಣಾರೆ ಕಾಣದೆ ನಾನು ಹೇಳಲಾರೆ.

ಬದಲಿಸಲೇಬೇಕಾದರೆ, ಸಣ್ಣ ಹೊಳೆಯ ಮೀನಿಗೆ 1891ರಲ್ಲಿ ಬಂದ ಹಾರ್ಡಿ ಪರ್ಫೆಕ್ಟ್‌ನ ಪರಂಪರೆಯ, ಟಿಕಟಿಕ ಸದ್ದಿನ ಸರಳ ರೀಲು ಸಾಕು. ಆ ಸದ್ದಿಗೇ ಮನಸೋತವರು ಕಡಿಮೆಯಿಲ್ಲ. ಏಬಲ್‌ನ ಕಾರ್ಕ್ ಡ್ರ್ಯಾಗ್, ಓಡುವ ದೊಡ್ಡ ಮೀನಿಗೂ ಜರ್ಕ್ ಇಲ್ಲದೆ ನಯವಾಗಿ ದಾರ ಬಿಡುತ್ತದೆ, ಆದರೆ ಕಾರ್ಕ್‌ಗೆ ಆಗಾಗ ಎಣ್ಣೆ ಸವರಬೇಕು ಮತ್ತು ಎತ್ತಿಡುವಾಗ ಡ್ರ್ಯಾಗನ್ನು ಪೂರ್ತಿ ಸಡಿಲಿಸಬೇಕು. ಲ್ಯಾಮ್ಸನ್‌ನ ಶಂಕುವಿನಾಕಾರದ ಡ್ರ್ಯಾಗ್ ಮುಚ್ಚಿದ ಕವಚದೊಳಗಿರುವುದರಿಂದ ನೀರು, ಮರಳು ಸುಲಭವಾಗಿ ಒಳಹೋಗುವುದಿಲ್ಲ. ಆರೈಕೆಗೆ ಸೋಮಾರಿಯಾದ ನನ್ನ ಆಯ್ಕೆ ಇದೇ.

ಯಾವುದನ್ನೇ ಆರಿಸಿದರೂ ರೀಲಿನ ಅಳತೆ ನಿಮ್ಮ ದಾರದ ತೂಕ ಸೂಚಿಸುವ ಸಂಖ್ಯೆಗೆ ಹೊಂದಬೇಕು. ಅದನ್ನು ಕೋಲಿಗೆ ಜೋಡಿಸಿ, ಹಿಡಿಯ ಮುಂಭಾಗವನ್ನು ಒಂದು ಬೆರಳಿನ ಮೇಲೆ ಇಟ್ಟು ತೂಕ ಸಮವಾಗುವುದೇ ಎಂದು ನೋಡಿಯೇ ಕೊಳ್ಳಿರಿ.