ಪ್ರಾಚೀನ ಕಾಲದ ಬಡವರಿಗೆ ಯಾವುದು ಒಳ್ಳೆಯದಿತ್ತು: ಗಣರಾಜ್ಯವೋ, ಒಬ್ಬನ ಆಳ್ವಿಕೆಯೋ?

ಹೆಸರು ನೋಡಿ ಹೇಳಲು ಬರುವುದಿಲ್ಲ. ಆಳುವವರೇ ಸಾಲ ಕೊಡುವವರೂ ಆಗಿದ್ದ ಕಡೆ ಬಡವರು ಸೋತರು, ಅದು ಗಣರಾಜ್ಯವಾದರೂ ಅಷ್ಟೇ.

ರೋಮ್ ನೋಡ್ರಿ. ರಾಜನನ್ನು ಓಡಿಸಿ ಗಣರಾಜ್ಯವಾದ ಮೇಲೆ ಸೆನೆಟ್‌ನಲ್ಲಿ, ಅಂದರೆ ಹಿರಿಯರ ಆಡಳಿತ ಸಭೆಯಲ್ಲಿ, ಕೂತವರು ದೊಡ್ಡ ಜಮೀನ್ದಾರರು. ಸಾಲ ತೀರಿಸಲಾಗದ ರೈತ ಸಾಲ ಕೊಟ್ಟವನಲ್ಲೇ ಜೀತಕ್ಕೆ ಬೀಳುತ್ತಿದ್ದ. ಆ ಪದ್ಧತಿಗೆ ಕಾನೂನು ತಡೆ ಹಾಕಿದ್ದು ಕ್ರಿ.ಪೂ. 326ರ ಸುಮಾರಿಗೆ. ಗ್ರೀಸಿನ ಅಥೆನ್ಸಿನಲ್ಲಿ ಬಲವಂತದಿಂದ ಅಧಿಕಾರ ಹಿಡಿದ ಪೈಸಿಸ್ಟ್ರಾಟಸ್ ಬಡ ರೈತರಿಗೆ ತಾನೇ ಸಾಲ ಕೊಟ್ಟ. ಶ್ರೀಮಂತ ಮನೆತನಗಳನ್ನು ಹತ್ತಿಕ್ಕಲು ಅವನಿಗೆ ಈ ಜನರ ಬೆಂಬಲ ಬೇಕಿತ್ತು. ಆದರೆ ಮಗ ಹಿಪ್ಪಿಯಾಸ್ ಕೊನೆಗೆ ಕ್ರೂರಿಯಾದ.

ನಮ್ಮ ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ 1986ರಲ್ಲಿ ಸಿಕ್ಕ ಅಶೋಕನ ಶಾಸನಗಳಲ್ಲೂ, ಎಲ್ಲವೂ ಆಳುವವನ ಮನಸ್ಸಿನ ಮೇಲೇ ನಿಂತಿರುವ ಇದೇ ತೊಡಕು ಕಾಣುತ್ತದೆ. ಪ್ರಜೆಗಳೆಲ್ಲ ನನ್ನ ಮಕ್ಕಳು, ವಿನಾಕಾರಣ ಯಾರನ್ನೂ ಸೆರೆಗೆ ಹಾಕಬೇಡಿ ಎಂದು ಅಧಿಕಾರಿಗಳಿಗೆ ಅಪ್ಪಣೆ. ಅವರು ಕೇಳದಿದ್ದರೆ? ಅರಸನೇ ತಪಾಸಣೆಗೆ ಜನ ಕಳಿಸಬೇಕು, ಪ್ರಜೆಯ ಕೈಯಲ್ಲಿ ಏನೂ ಇಲ್ಲ.

ರೋಮಿನ ಸಾಮಾನ್ಯರಾದರೋ (ಗುಲಾಮರು, ಹೆಂಗಸರನ್ನು ಬಿಟ್ಟು) ಊರು ಬಿಟ್ಟು ಹೊರಗೆ ಕೂತು, ಸೇನೆಗೆ ಬರುವುದಿಲ್ಲ ಎಂದು ಹಟ ಹಿಡಿದರು. ಹಾಗೆ ಅಧಿಕಾರಿಗಳನ್ನು ತಡೆಯಬಲ್ಲ ತಮ್ಮದೇ ಪ್ರತಿನಿಧಿಗಳನ್ನು, ಅಂದರೆ ಟ್ರಿಬ್ಯೂನರನ್ನು ಪಡೆದರು. ದೀರ್ಘಕಾಲಕ್ಕೆ ಹೆಚ್ಚು ಆಸರೆಯಾದದ್ದು ಇದು ಎಂಬುದು ನನ್ನ ಅಭಿಪ್ರಾಯ.