ಕೇರರ್ಸ್ ಅಲವೆನ್ಸ್ ವಾಪಸು ಕಟ್ಟಿ ಎಂದು ಪತ್ರ ಬಂದಿದೆ, ಒಡವೆ ಅಡವಿಟ್ಟು ಕಟ್ಟಿಬಿಡಲೇ?

ಬೇಡ, ಒಡವೆ ಪೆಟ್ಟಿಗೆಯಲ್ಲೇ ಇರಲಿ. ಇಂಗ್ಲೆಂಡಿನ ಅಂಗಡಿಯೊಂದರಲ್ಲಿ ಅರೆಕಾಲಿಕ ಕೆಲಸ, ವಾರಕ್ಕೆ 150 ಪೌಂಡ್ ಸಂಬಳ, ಮಗನ ಆರೈಕೆಗೆಂದು ಪಡೆದ 2023-24ರ ಭತ್ಯೆಯಷ್ಟನ್ನೂ ಈಗ ಹಿಂದಿರುಗಿಸಬೇಕು ಎಂದು ಬರೆದಿದ್ದೀರಿ. ಕೇರರ್ಸ್ ಅಲವೆನ್ಸ್ ಎಂದರೆ ಕಾಯಿಲೆ ಅಥವಾ ಅಂಗವೈಕಲ್ಯ ಇರುವವರನ್ನು ನೋಡಿಕೊಳ್ಳುವವರಿಗೆ ಅಲ್ಲಿನ ಸರ್ಕಾರ ಕೊಡುವ ಭತ್ಯೆ. ಸಂಬಳದ ಲೆಕ್ಕ ಬರೆಯುವುದೇ ನನ್ನ ಉದ್ಯೋಗ. ಪರಿಚಯದವರು ಇಂಥ ಪತ್ರ ಹಿಡಿದು ಬಂದಾಗ ನಾನು ಮೊದಲು ಕೇಳುವುದು ಸಂಬಳದ ಚೀಟಿಗಳನ್ನು.

ಆ ವರ್ಷ ಭತ್ಯೆ ವಾರಕ್ಕೆ 76.75 ಪೌಂಡ್, ಗಳಿಕೆಯ ಮಿತಿ 139 ಪೌಂಡ್. ಮಿತಿಗಿಂತ ಒಂದು ಪೌಂಡ್ ಹೆಚ್ಚಾದರೂ ಆ ವಾರದ ಭತ್ಯೆ ಪೂರ್ತಿ ಹೋಯಿತು. ವರ್ಷವಿಡೀ ಹಾಗೆ ನಡೆದರೆ 52 ಪೌಂಡ್ ಹೆಚ್ಚುವರಿ ದುಡಿಮೆಗೆ 3,991 ಪೌಂಡ್ ಸಾಲ. ಇದನ್ನು ನಿಯಮ ಎನ್ನುವುದಕ್ಕೂ ನನಗೆ ಬಾಯಿ ಬರುವುದಿಲ್ಲ.

ಆದರೆ 139ಕ್ಕೆ ಹೋಲಿಸಬೇಕಾದದ್ದು ಚೀಟಿಯ ಮೇಲಿನ ಸಾಲಿನಲ್ಲಿರುವ 150 ಅಲ್ಲ. ಆದಾಯ ತೆರಿಗೆ ಮತ್ತು ನ್ಯಾಷನಲ್ ಇನ್ಶುರೆನ್ಸ್ (ಸಾಮಾಜಿಕ ವಿಮೆಯ ಕಂತು) ಕಟ್ಟಿದ್ದರೆ ಅದನ್ನು ಪೂರ್ತಿ, ಪಿಂಚಣಿಗೆ ನೀವು ಕಟ್ಟಿದ್ದರಲ್ಲಿ ಅರ್ಧವನ್ನು ಮೊದಲು ಕಳೆಯಬೇಕು. ಪಿಂಚಣಿಗೆ 6 ಪೌಂಡ್ ಹೋಗಿದ್ದರೆ 147 ಉಳಿಯಿತು. ನೀವು ಅಂಗಡಿಯಲ್ಲಿದ್ದಾಗ ಮಗನನ್ನು ನೋಡಿಕೊಳ್ಳಲು ಪಕ್ಕದ ಮನೆಯವರಿಗೆ ವಾರಕ್ಕೆ 20 ಪೌಂಡ್ ಕೊಟ್ಟಿದ್ದರೆ ಅದೂ ಕಳೆಯುತ್ತದೆ, ಉಳಿದ ಗಳಿಕೆಯ ಅರ್ಧದವರೆಗೆ. ಈಗ 127. ಆ ವಾರದ ಸಾಲವೇ ಇಲ್ಲ! ಅದೇ ಹಣ ನಿಮ್ಮ ತಂಗಿಗೆ ಹೋಗಿದ್ದರೆ ಮಾತ್ರ ನಡೆಯುವುದಿಲ್ಲ, ಹತ್ತಿರದ ಸಂಬಂಧಿಕರಿಗೆ ಕೊಟ್ಟದ್ದು ಲೆಕ್ಕಕ್ಕಿಲ್ಲ. ತೆರಿಗೆ ಕಚೇರಿಯಿಂದ, ಈ ಭತ್ಯೆ ಕೊಡುವ ಉದ್ಯೋಗ ಮತ್ತು ಪಿಂಚಣಿ ಇಲಾಖೆಗೆ ಹೋಗುವ ಮಾಹಿತಿಯಲ್ಲಿ ಪಕ್ಕದ ಮನೆಯ ಖರ್ಚು ಇರುವುದಿಲ್ಲ, ನೀವೇ ಹೇಳಬೇಕು. ಬ್ಯಾಂಕಿನ ಪಟ್ಟಿಯಲ್ಲಿ ಆ ಪಾವತಿಗಳನ್ನು ಗುರುತು ಮಾಡಿಡಿ.

ಕ್ರಿಸ್ಮಸ್ ಸಮಯದಲ್ಲಿ ಹೆಚ್ಚು ಪಾಳಿ ಮಾಡಿದ್ದೆ ಎಂದೂ ಹೇಳಿದ್ದೀರಿ. ಏರಿಳಿಯುವ ಸಂಬಳದ ಸರಾಸರಿ ತೆಗೆಯುವಲ್ಲಿ ಇಲಾಖೆ 2015ರಿಂದ ತಪ್ಪು ಮಾರ್ಗಸೂಚಿ ಅನುಸರಿಸಿತ್ತು ಎಂಬುದು ಸರ್ಕಾರ ನೇಮಿಸಿದ್ದ ಲಿಜ್ ಸೇಸ್ ನಡೆಸಿದ ಪರಿಶೀಲನೆಯಲ್ಲಿ ಹೊರಬಿತ್ತು. 2025ರ ನವೆಂಬರಿನಲ್ಲಿ ವರದಿ ಬಂದ ಮೇಲೆ ಹಳೆಯ ಪ್ರಕರಣಗಳನ್ನು ಮತ್ತೆ ನೋಡಲು ಸರ್ಕಾರ ಒಪ್ಪಿದೆ. ಅದಕ್ಕಾಗಿ ಕಾದು ಕೂರಬೇಡಿ. ಪತ್ರದ ದಿನಾಂಕದಿಂದ ಒಂದು ತಿಂಗಳೊಳಗೆ ಮರುಪರಿಶೀಲನೆ ಕೇಳಿ, ವಾರವಾರದ ಲೆಕ್ಕ ಲಿಖಿತವಾಗಿ ಬೇಕೆನ್ನಿ, ತೀರ್ಮಾನ ಬರುವವರೆಗೆ ವಸೂಲಿ ತಡೆಯಲು ಅದೇ ಪತ್ರದಲ್ಲಿ ಕೋರಿ. ಅಲ್ಲೂ ಒಪ್ಪದಿದ್ದರೆ ನ್ಯಾಯಮಂಡಳಿಗೆ ಹೋಗಬಹುದು, ಶುಲ್ಕವಿಲ್ಲ. ಅರ್ಜಿ ಬರೆಯಲು, ಉಚಿತ ಸಲಹೆ ಕೊಡುವ ಸಂಸ್ಥೆಯಾದ ಸಿಟಿಜನ್ಸ್ ಅಡ್ವೈಸ್‌ನವರು ನೆರವಾಗುತ್ತಾರೆ.

ಸಂಬಳ ಏರಿದ್ದನ್ನು ನೀವು ಆಗಲೇ ಭತ್ಯೆ ವಿಭಾಗಕ್ಕೆ ತಿಳಿಸಿದ್ದರೆ ಅದರ ದಾಖಲೆ ಹುಡುಕಿ. ತಿಳಿಸಿದ ಮೇಲೂ ಅವರೇ ಕೊಡುತ್ತಾ ಹೋಗಿದ್ದರೆ ಆ ಹಣವನ್ನು ಸಾಮಾನ್ಯವಾಗಿ ವಸೂಲು ಮಾಡುವಂತಿಲ್ಲ. ತೆರಿಗೆಯವರಿಗೆ ಹೇಗೂ ಗೊತ್ತಿತ್ತಲ್ಲ ಎಂಬ ವಾದವೊಂದನ್ನೇ ನೆಚ್ಚಬೇಡಿ.

ಇಷ್ಟಾಗಿಯೂ ಒಂದಿಷ್ಟು ಬಾಕಿ ನಿಂತರೆ, ಮನೆಯ ಖರ್ಚುವೆಚ್ಚ ತೋರಿಸಿ ಸಣ್ಣ ಕಂತು ಕೇಳಿ. ಅದಕ್ಕೆ ಬಡ್ಡಿಯಿಲ್ಲ.