ಕಾಳುಮೆಣಸಿನ ಬುಡಕ್ಕೆ ಟ್ರೈಕೋಡರ್ಮಾ ಕೊಟ್ಟ ಮರುದಿನವೇ ಬೋರ್ಡೋ ಸುರಿಯಬಹುದಾ?
ಸೊರಗು ರೋಗಕ್ಕೆ ಎರಡನ್ನೂ ಒಟ್ಟಿಗೆ ಕೊಡೋಣ ಅಂತಿದ್ದೀರಿ ಅಲ್ವಾ? ದಯವಿಟ್ಟು ಬೇಡ. ಬೋರ್ಡೋ ಅಂದರೆ ಮೈಲುತುತ್ತು, ಸುಣ್ಣ ಸೇರಿಸಿದ ದ್ರಾವಣ. ಅದರ ತಾಮ್ರ ತಾಗಿದರೆ ರೋಗ ತಡೆಯುವ ಒಳ್ಳೆ ಶಿಲೀಂಧ್ರವಾದ ಟ್ರೈಕೋಡರ್ಮಾಕ್ಕೂ ಪೆಟ್ಟು. 1% ಬೋರ್ಡೋ ಎಲೆಗಳಿಗಿರಲಿ. ಬುಡಕ್ಕೆ ಪೊಟ್ಯಾಸಿಯಂ ಫಾಸ್ಫೊನೇಟ್ ಸುರಿಯಿರಿ, ಲೀಟರಿಗೆ 3 ಮಿ.ಲೀ. ಇದರ ಜೊತೆ ಟ್ರೈಕೋಡರ್ಮಾ ಬದುಕುತ್ತದೆ. ಈಗಾಗಲೇ ತಾಮ್ರದ ಔಷಧಿ ಬುಡಕ್ಕೆ ಹಾಕಿದ್ದರೆ ಎರಡು ಮೂರು ವಾರ ಬಿಟ್ಟು ಟ್ರೈಕೋಡರ್ಮಾ ಕೊಡಿ.

ಟ್ರೈಕೋಡರ್ಮಾ ಪುಡಿಯನ್ನು ಸುಮ್ನೆ ಉದುರಿಸಬೇಡಿ. ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಬೇವಿನ ಹಿಂಡಿಗೆ ಬೆರೆಸಿ, ನೀರು ಚಿಮುಕಿಸಿ, ನೆರಳಲ್ಲಿ ಹಸಿ ಗೋಣಿ ಮುಚ್ಚಿಡಿ. ವಾರ ಹತ್ತು ದಿನದಲ್ಲಿ ರಾಶಿ ಮೇಲೆ ಹಸಿರು ಬೂಷ್ಟು ಕಾಣುತ್ತದೆ. ಆಗ ಹಾಕಿ.

ಅಂಗಡಿಯವರು ಕಾರ್ಬೆಂಡಜಿಮ್ ಎಂಬ ಶಿಲೀಂಧ್ರನಾಶಕ ಕೊಟ್ಟರೆ ತರಬೇಡಿ. ಸೊರಗು ತರುವ ಫೈಟಾಫ್ತೊರಾ ಎಂಬ ರೋಗಾಣುವಿಗೆ ಅದು ನಾಟುವುದಿಲ್ಲ, ಸಾಯುವುದು ನಿಮ್ಮ ಟ್ರೈಕೋಡರ್ಮಾ!